ಎಡಮುರಿಯೋ ಬಲಮುರಿಯೋ: ಕ್ರೊಮ್ಯಾಟೊಗ್ರಫಿಯಿಂದ ಅಣುವಿನ ಕೈ ಗುರುತಿಸುವ ಬಗೆ

ಎರಡು ಪೀಕ್‌ಗಳಿರುವ (ಅಣುಗಳು ಹೊರಬಂದಾಗ ಗೆರೆ ಮೇಲೆದ್ದ ಎರಡು ಶಿಖರಗಳಿರುವ) ಕಾಗದ ಹಿಡಿದು ಪ್ರಯೋಗಾಲಯದ ಬಾಗಿಲಿಗೆ ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುವ ಪ್ರಶ್ನೆ ಒಂದೇ: “ಮೇಡಂ, ಇವೆರಡರಲ್ಲಿ ಎಡಗೈ ಯಾವುದು, ಬಲಗೈ ಯಾವುದು?” ನಾನು ಮರುಪ್ರಶ್ನೆ ಹಾಕುತ್ತೇನೆ: “ಯಾವುದರ ಪಕ್ಕದಲ್ಲಿಟ್ಟು ನೋಡಿದೆಯಪ್ಪ?” ಬಹಳ ಸಲ ಉತ್ತರ ಇರುವುದಿಲ್ಲ. ಕಾಲಮ್ (ಮಿಶ್ರಣದ ಅಣುಗಳನ್ನು ಒಂದರ ಹಿಂದೆ ಒಂದಾಗಿ ಹೊರಬಿಡುವ ಕ್ರೊಮ್ಯಾಟೊಗ್ರಫಿಯ ಕೊಳವೆ) ಬೇರೆ ಮಾಡಿಕೊಟ್ಟಿದೆ, ಹೆಸರನ್ನೂ ಅದೇ ಹೇಳಲಿ ಎಂಬ ನಿರೀಕ್ಷೆ ಅವರದು. ಆದರೆ ಕಾಲಮ್ ತಿಳಿಸುವುದು ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬುದನ್ನು ಮಾತ್ರ. ಮೊದಲು ಬಂದ ಅಣುವಿನ ಕೈ ಯಾವುದೆಂದು ತಿಳಿಯಬೇಕಾದರೆ, ಕೈ ಮೊದಲೇ ಗೊತ್ತಿರುವ ಇನ್ನೊಂದು ಅಣು ಪಕ್ಕದಲ್ಲಿ ಇರಲೇಬೇಕು. ಕೆಳಗಿನ ಪ್ರತಿ ಹಂತವೂ ಆ ಹೋಲಿಕೆಯನ್ನು ಗಟ್ಟಿ ಮಾಡುವುದಕ್ಕಾಗಿಯೇ ಇದೆ.

ಉದಾಹರಣೆಗೆ ಗ್ರಾಮಿಸಿಡಿನ್ ಎಸ್ ಎಂಬ ಪೆಪ್ಟೈಡನ್ನು, ಅಂದರೆ ಅಮೈನೋ ಆಮ್ಲಗಳ ಸರಪಳಿಯನ್ನು, ಆರಿಸಿಕೊಂಡಿದ್ದೇನೆ. ಇದರ ಉತ್ತರ ದಶಕಗಳಿಂದ ಗೊತ್ತಿರುವುದರಿಂದ ಕಲಿಯುವವರು ತಮ್ಮ ಕೈಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಎಡ ಬಲ ಗುರುತಿಸಬಲ್ಲ ದುಬಾರಿ ಕೈರಲ್ ಕಾಲಮ್ ಕೂಡ ಬೇಡ. ಎಚ್‌ಪಿಎಲ್‌ಸಿ (ಒತ್ತಡದಲ್ಲಿ ದ್ರಾವಕ ಹಾಯಿಸುವ ಕ್ರೊಮ್ಯಾಟೊಗ್ರಫಿ ಯಂತ್ರ) ಇರುವ ಕಡೆಯಲ್ಲೆಲ್ಲ ಸಿಗುವ, ಹದಿನೆಂಟು ಇಂಗಾಲಗಳ ಸರಪಳಿ ಅಂಟಿಸಿದ ಕಣಗಳ ಸಿ-18 ಕಾಲಮ್ ಸಾಕು.

ಕೈ ಎಂದರೆ ಇಲ್ಲಿ ಏನು

ಗಣಪತಿಯ ಸೊಂಡಿಲು ಬಲಕ್ಕೆ ತಿರುಗಿದ್ದರೆ ಬಲಮುರಿ, ಎಡಕ್ಕೆ ತಿರುಗಿದ್ದರೆ ಎಡಮುರಿ. ಶಂಖಕ್ಕೂ ಅದೇ ಮಾತು. ಎಡಮುರಿ ಶಂಖವನ್ನು ಎಷ್ಟು ಹೊರಳಿಸಿದರೂ ಬಲಮುರಿಯಾಗುವುದಿಲ್ಲ, ಕನ್ನಡಿಯಲ್ಲಿ ಮಾತ್ರ ಆಗುತ್ತದೆ. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಾಗ ಅಣುವಿಗೂ ಈ ಗುಣ ಬರುತ್ತದೆ. ಅಂಥ ಅಣುವನ್ನು ಕೈರಲ್ ಎನ್ನುತ್ತಾರೆ. ಗ್ರೀಕಿನಲ್ಲಿ ‘ಖೈರ್’ ಎಂದರೆ ಕೈ. ಅದಕ್ಕೂ ಕನ್ನಡದ ಕೈಗೂ ನಂಟಿಲ್ಲದಿದ್ದರೂ ನೆನಪಿಟ್ಟುಕೊಳ್ಳಲು ನಮಗೆ ಇದಕ್ಕಿಂತ ಸುಲಭದ ದಾರಿ ಬೇಡ.

ಇಂಥ ಜೋಡಿಯ ತೂಕ, ಕರಗುವ ಬಿಂದು, ನೀರಿನಲ್ಲಿ ಕರಗುವ ಪ್ರಮಾಣ ಎಲ್ಲವೂ ಒಂದೇ. ಸಾಮಾನ್ಯ ಕಾಲಮ್‌ನಲ್ಲಿ ಎರಡೂ ಒಟ್ಟಿಗೇ ಹೊರಬರುತ್ತವೆ. ಕೈಯುಳ್ಳ ಇನ್ನೊಂದು ವಸ್ತು ಎದುರಾದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಕತ್ತಲಲ್ಲಿ ಚಪ್ಪಲಿ ಮೆಟ್ಟುವಾಗ ಎಡದ್ದು ಯಾವುದೆಂದು ಹೇಳುವುದು ಕಣ್ಣಲ್ಲ, ಕಾಲು. ಕಾಲಿಗೂ ಎಡ ಬಲ ಇರುವುದರಿಂದ ಅದಕ್ಕೆ ಅದು ಸಾಧ್ಯ. ನಮ್ಮ ಮೂಗೂ ಹಾಗೆಯೇ. ಸ್ಪಿಯರ್‌ಮಿಂಟ್ ಜಾತಿಯ ಪುದೀನಕ್ಕೂ ಸಬ್ಬಸಿಗೆ ಬೀಜಕ್ಕೂ ಪರಿಮಳ ಕೊಡುವ ಮುಖ್ಯ ಅಣು ಕಾರ್ವೋನ್. ಪುದೀನದಲ್ಲಿ ಅದರ ಒಂದು ಕೈ, ಸಬ್ಬಸಿಗೆ ಬೀಜದಲ್ಲಿ ಇನ್ನೊಂದು. ಮೂಗಿನ ಒಳಗಿನ ಪ್ರೋಟೀನ್‌ಗಳಿಗೂ ಕೈ ಇರುವುದರಿಂದಲೇ ನಮಗೆ ಎರಡು ವಾಸನೆಗಳು ಬೇರೆ ಬೇರೆಯಾಗಿ ತಿಳಿಯುತ್ತವೆ.

ಹೆಸರುಗಳ ಗೊಂದಲವನ್ನು ಇಲ್ಲೇ ಬಗೆಹರಿಸಿಕೊಳ್ಳಬೇಕು. ಡಿ ಮತ್ತು ಎಲ್ ಎಂಬುದು ಗ್ಲಿಸರಾಲ್ಡಿಹೈಡ್‌ನೊಂದಿಗೆ ಹೋಲಿಸಿ ಕೊಟ್ಟ ಹೆಸರು. ಆರ್ ಮತ್ತು ಎಸ್ ಎಂಬುದು ನಾಲ್ಕು ಗುಂಪುಗಳಿಗೆ ಆದ್ಯತೆಯ ಕ್ರಮ ಹಚ್ಚಿ ಕೊಟ್ಟ ಹೆಸರು. ಪ್ಲಸ್ ಮತ್ತು ಮೈನಸ್ ಎಂಬುದು ಧ್ರುವೀಕೃತ ಬೆಳಕು ಯಾವ ಕಡೆಗೆ ತಿರುಗಿತು ಎಂಬುದರ ಅಳತೆ. ಮೂರೂ ಬೇರೆ ಬೇರೆ. ಎಲ್-ಅಲನೈನ್ ಬೆಳಕನ್ನು ನೀರಿನಲ್ಲಿ ಬಲಕ್ಕೆ ತಿರುಗಿಸಿದರೆ ಎಲ್-ಫಿನೈಲ್‌ಅಲನೈನ್ ಎಡಕ್ಕೆ ತಿರುಗಿಸುತ್ತದೆ. ಪ್ರೋಟೀನ್‌ಗಳ ಎಲ್-ಅಮೈನೋ ಆಮ್ಲಗಳೆಲ್ಲ ಎಸ್ ಆಗಿದ್ದರೂ ಎಲ್-ಸಿಸ್ಟೀನ್ ಮಾತ್ರ ಆರ್; ಅದರಲ್ಲಿರುವ ಗಂಧಕದಿಂದ ಆದ್ಯತೆಯ ಕ್ರಮ ಬದಲಾಗುತ್ತದೆ. ಪ್ರಯೋಗದ ಪುಸ್ತಕದಲ್ಲಿ ಯಾವುದಾದರೂ ಒಂದು ಪದ್ಧತಿ ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ಈ ಲೇಖನದಲ್ಲಿ ಡಿ, ಎಲ್ ಬಳಸುತ್ತೇನೆ.

ಎರಡು ದಾರಿಗಳು

ಕೈಯುಳ್ಳ ವಸ್ತುವನ್ನು ಕಾಲಮ್‌ನ ಒಳಗೇ ಇಡುವುದು ಮೊದಲ ದಾರಿ. ಅದು ಕೈರಲ್ ಕಾಲಮ್. ಎರಡನೆಯ ದಾರಿಯಲ್ಲಿ ಕಾಲಮ್‌ಗೆ ಹೋಗುವ ಮೊದಲೇ ನಮ್ಮ ಅಣುವಿಗೆ ಕೈ ಗೊತ್ತಿರುವ ಇನ್ನೊಂದು ಅಣುವನ್ನು ಗಟ್ಟಿಯಾಗಿ ಅಂಟಿಸುತ್ತೇವೆ. ಆಗ ಎಲ್-ಎಲ್ ಮತ್ತು ಎಲ್-ಡಿ ಎಂಬ ಎರಡು ಜೋಡಣೆಗಳು ಹುಟ್ಟುತ್ತವೆ. ಇವು ಒಂದರ ಕನ್ನಡಿ ಬಿಂಬ ಇನ್ನೊಂದಲ್ಲ. ಆಕಾರದಲ್ಲಿ ನಿಜವಾಗಿಯೂ ಬೇರೆಯಾಗಿರುವುದರಿಂದ ಕೈಯಿಲ್ಲದ ಕಾಲಮ್ ಕೂಡ ಇವನ್ನು ಬೇರ್ಪಡಿಸಬಲ್ಲದು.

ಮೊದಲ ದಾರಿ ಎಷ್ಟು ನಾಜೂಕು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಎರಡು ಪೀಕ್‌ಗಳ ಬೇರ್ಪಡಿಕೆಯ ಅನುಪಾತ (ಎರಡು ಕೈಗಳನ್ನು ಕಾಲಮ್ ತಡೆದು ನಿಲ್ಲಿಸಿದ ಹೊತ್ತುಗಳ ಅನುಪಾತ) 1.1 ಇದ್ದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಕೈಗಳನ್ನು ಕಾಲಮ್ ಹಿಡಿದುಕೊಳ್ಳುವ ಶಕ್ತಿಯ ವ್ಯತ್ಯಾಸ ಮೋಲ್‌ಗೆ ಸುಮಾರು 0.24 ಕಿಲೋಜೂಲ್. ನೀರಿನ ಎರಡು ಅಣುಗಳ ನಡುವಣ ಒಂದು ಜಲಜನಕ ಬಂಧಕ್ಕೆ ಸುಮಾರು 20 ಕಿಲೋಜೂಲ್ ಬೇಕು. ಅದರ ಎಂಬತ್ತರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಉದ್ದನೆಯ ಕಾಲಮ್‌ನಲ್ಲಿ ಸಾವಿರಾರು ಸಲ ಕೂಡಿಸಿ ಕೂಡಿಸಿ ಕಣ್ಣಿಗೆ ಕಾಣುವ ಎರಡು ಪೀಕ್ ಮಾಡುವುದೇ ಕ್ರೊಮ್ಯಾಟೊಗ್ರಫಿಯ ಬಲ. ಇಷ್ಟು ತೆಳುವಾದ ವ್ಯತ್ಯಾಸ ದ್ರಾವಕ ಬದಲಾದರೆ, ಉಷ್ಣತೆ ಬದಲಾದರೆ ತಲೆಕೆಳಗಾಗಬಹುದು. ಯಾರು ಮೊದಲು ಬರುತ್ತಾರೆಂದು ಊಹಿಸಿ ಬರೆಯಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಗ್ರಾಮಿಸಿಡಿನ್ ಎಸ್ ಯಾಕೆ

1942ರಲ್ಲಿ ಮಾಸ್ಕೋದಲ್ಲಿ ಗಿಯೋರ್ಗಿ ಗೌಸೆ ಮತ್ತು ಮರಿಯಾ ಬ್ರಾಜ್ನಿಕೊವಾ ಮಣ್ಣಿನ ಬ್ಯಾಕ್ಟೀರಿಯಾದಿಂದ ಈ ಪ್ರತಿಜೀವಕವನ್ನು ಪಡೆದರು. ಹೆಸರಿನ ಕೊನೆಯ ‘ಎಸ್’ ಸೋವಿಯತ್ ಎಂಬುದರ ಗುರುತು. ಹತ್ತು ಅಮೈನೋ ಆಮ್ಲಗಳ ಉಂಗುರ ಇದು: ವ್ಯಾಲೀನ್, ಆರ್ನಿಥೀನ್, ಲ್ಯೂಸೀನ್, ಫಿನೈಲ್‌ಅಲನೈನ್, ಪ್ರೋಲೀನ್ ಎಂಬ ಐದರ ಸಾಲು ಎರಡು ಸಲ ಬಂದು ತುದಿಗಳು ಕೂಡಿಕೊಂಡಿವೆ. ಕ್ರೊಮ್ಯಾಟೊಗ್ರಫಿಯ ಚರಿತ್ರೆಯಲ್ಲಿ ಇದರ ಸ್ಥಾನ ದೊಡ್ಡದು. ರಿಚರ್ಡ್ ಸಿಂಜ್ ಮತ್ತು ಸಂಗಡಿಗರು ಈ ಸಾಲನ್ನು ಬಿಡಿಸಿದ್ದು ಕಾಗದದ ಕ್ರೊಮ್ಯಾಟೊಗ್ರಫಿಯಿಂದ, 1947ರಲ್ಲಿ. ಆರ್ಚರ್ ಮಾರ್ಟಿನ್ ಜೊತೆ ಸಿಂಜ್‌ಗೆ 1952ರ ನೊಬೆಲ್ ಬಂತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದಾಗ ಡೊರೊಥಿ ಹಾಡ್ಕಿನ್ ಅವರ ಬಳಿ ಕೆಲಸ ಮಾಡಿದ್ದೂ ಇದೇ ಗ್ರಾಮಿಸಿಡಿನ್ ಎಸ್ ಮೇಲೆ.

ಐದರಲ್ಲಿ ನಾಲ್ಕು ಎಲ್, ಫಿನೈಲ್‌ಅಲನೈನ್ ಒಂದೇ ಡಿ. ಬ್ಯಾಕ್ಟೀರಿಯಾ ಎಲ್-ಫಿನೈಲ್‌ಅಲನೈನನ್ನೇ ಎತ್ತಿಕೊಂಡು, ಒಂದು ಕಿಣ್ವದ ಮೇಲೆ ಅದನ್ನು ಡಿ ಆಗಿ ತಿರುಗಿಸಿ ಸರಪಳಿಗೆ ಸೇರಿಸುತ್ತದೆ. ಆ ತಿರುವಿನಿಂದಲೇ ಉಂಗುರ ಅಲ್ಲಿ ಸಲೀಸಾಗಿ ಬಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ತಂಡ ಡಿ-ಪ್ರೋಲೀನ್ ಮತ್ತು ಗ್ಲೈಸೀನ್ ಜೋಡಿಯನ್ನು ಇಟ್ಟು ಪೆಪ್ಟೈಡ್‌ಗಳನ್ನು ಬೇಕಾದ ಕಡೆ ಬಾಗಿಸಿ ತೋರಿಸಿದ್ದರಲ್ಲಿಯೂ ಇದೇ ತತ್ತ್ವ ಇದೆ. ಒಂದು ಅಮೈನೋ ಆಮ್ಲದ ಕೈ ಬದಲಾದರೆ ಇಡೀ ಅಣುವಿನ ರೂಪ ಬದಲಾಗುತ್ತದೆ.

ಮೊದಲ ಹಂತ: ಪೆಪ್ಟೈಡನ್ನು ಬಿಡಿ ಮಾಡುವುದು

ಅರ್ಧ ಮಿಲಿಗ್ರಾಂ ಗ್ರಾಮಿಸಿಡಿನ್ ಎಸ್ ಅನ್ನು ದಪ್ಪ ಗಾಜಿನ ಕೊಳವೆಗೆ ಹಾಕಿ, 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಅರ್ಧ ಮಿಲಿಲೀಟರ್ ಸೇರಿಸಿ. ಸಾರಜನಕ ಹಾಯಿಸಿ ಒಳಗಿನ ಗಾಳಿಯನ್ನು ಹೊರಗಟ್ಟಿ, ಬಿಗಿಯಾಗಿ ಮುಚ್ಚಿ, 110 ಡಿಗ್ರಿಯಲ್ಲಿ 16ರಿಂದ 20 ಗಂಟೆ ಇಡಿ. ಮುಚ್ಚಿದ ಕೊಳವೆಯಲ್ಲಿ ಕಾದ ಆಮ್ಲ ಒತ್ತಡದಲ್ಲಿರುತ್ತದೆ. ಪೂರ್ತಿ ತಣಿಯುವ ತನಕ ಮುಚ್ಚಳಕ್ಕೆ ಕೈ ಹಾಕಬೇಡಿ, ಮುಖಕ್ಕೆ ರಕ್ಷಾಕವಚ ಇಲ್ಲದೆ ತೆರೆಯಬೇಡಿ, ಫ್ಯೂಮ್ ಹುಡ್‌ನ ಹೊರಗೆ ಈ ಕೆಲಸ ಮಾಡಲೇಬೇಡಿ.

ಆಮೇಲೆ ಆಮ್ಲವನ್ನು ಆವಿಯಾಗಿಸಿ ಒಣಗಿಸಿ. ನೀರು ಹಾಕಿ ಮತ್ತೆ ಒಣಗಿಸಿ, ಇನ್ನೊಮ್ಮೆ ನೀರು ಹಾಕಿ ಇನ್ನೊಮ್ಮೆ ಒಣಗಿಸಿ. ಈ ಎರಡು ಸಲದ ತೊಳೆತವನ್ನು ಬೇಸರಪಟ್ಟು ಬಿಟ್ಟವರ ಪ್ರಯೋಗ ಮುಂದಿನ ಹಂತದಲ್ಲಿ ಸೋಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಉಳಿದ ಆಮ್ಲ ಮುಂದೆ ಹಾಕುವ ಬೈಕಾರ್ಬೊನೇಟನ್ನು ತಿಂದುಹಾಕುತ್ತದೆ. ಕ್ಷಾರ ಸಾಲದೆ ಅಮೈನೋ ಗುಂಪುಗಳು ಪ್ರತಿಕ್ರಿಯಿಸುವುದೇ ಇಲ್ಲ, ಕೊನೆಗೆ ಪರದೆಯ ಮೇಲೆ ಪ್ರತಿಕಾರಕದ ಪೀಕ್ ಮಾತ್ರ ನಿಂತಿರುತ್ತದೆ.

ಬೇರೆ ಪೆಪ್ಟೈಡ್‌ಗೆ ಇದೇ ವಿಧಾನ ಬಳಸುವವರಿಗೆ ಎರಡು ಮಾತು. ಬಿಸಿ ಆಮ್ಲದಲ್ಲಿ ಟ್ರಿಪ್ಟೋಫ್ಯಾನ್ ಹಾಳಾಗುತ್ತದೆ. ಆಸ್ಪರಜೀನ್ ಮತ್ತು ಗ್ಲುಟಮೀನ್ ಕ್ರಮವಾಗಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳಾಗಿಬಿಡುತ್ತವೆ.

ಎರಡನೆಯ ಹಂತ: ಮಾರ್ಫಿ ಪ್ರತಿಕಾರಕ ಅಂಟಿಸುವುದು

ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ ಮೇಲಿನ ಕೆಲಸದಲ್ಲಿ ಬಳಸಿದ ಫ್ಲೂರೋಡೈನೈಟ್ರೋಬೆಂಜೀನ್ ಅಮೈನೋ ಗುಂಪಿಗೆ ಅಂಟಿ ಹಳದಿ ಬಣ್ಣ ಕೊಡುತ್ತದೆ, ಆದರೆ ಅದಕ್ಕೆ ಕೈ ಇಲ್ಲ. 1984ರಲ್ಲಿ ಪೀಟರ್ ಮಾರ್ಫಿ ಎರಡು ಫ್ಲೂರಿನ್‌ಗಳಿರುವ ಅದರ ಸೋದರ ಅಣುವನ್ನು ತೆಗೆದುಕೊಂಡು, ಒಂದು ಫ್ಲೂರಿನ್‌ನ ಜಾಗದಲ್ಲಿ ಎಲ್-ಅಲನೈನ್ ಅಮೈಡನ್ನು ಕೂರಿಸಿದರು. ಉಳಿದ ಫ್ಲೂರಿನ್ ಅಮೈನೋ ಆಮ್ಲವನ್ನು ಹಿಡಿಯುವ ಕೊಕ್ಕೆ, ಅಲನೈನ್ ಭಾಗ ಕೈಯನ್ನು ಅಳೆಯುವ ಕೋಲು, ಡೈನೈಟ್ರೋ ಉಂಗುರ 340 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರಿ ಕಾಣಿಸಿಕೊಳ್ಳುವ ದೀಪ. ಒಂದೇ ಅಣು ಮೂರು ಕೆಲಸ ಮಾಡುತ್ತದೆ. ಇಂಥ ಚೊಕ್ಕಟವಾದ ಪ್ರತಿಕಾರಕಗಳು ರಸಾಯನಶಾಸ್ತ್ರದಲ್ಲಿ ಹೆಚ್ಚಿಲ್ಲ. ಪ್ರಯೋಗಾಲಯಗಳಲ್ಲಿ ಇದನ್ನು ಎಫ್‌ಡಿಎಎ ಎಂದೇ ಕರೆಯುತ್ತಾರೆ.

ಲೆಕ್ಕ ಹೀಗೆ. ಅರ್ಧ ಮಿಲಿಗ್ರಾಂ ಪೆಪ್ಟೈಡ್ ಎಂದರೆ ಸುಮಾರು 0.44 ಮೈಕ್ರೋಮೋಲ್. ಪ್ರತಿ ಅಣುವಿನಿಂದ ಹತ್ತು ಅಮೈನೋ ಆಮ್ಲಗಳು ಬರುತ್ತವೆ, ಎರಡು ಆರ್ನಿಥೀನ್‌ಗಳಿಗೆ ಒಂದೊಂದು ಹೆಚ್ಚಿನ ಅಮೈನೋ ಗುಂಪು ಇರುವುದರಿಂದ ಅಂಟಬೇಕಾದ ಜಾಗಗಳು ಹನ್ನೆರಡು. ಒಟ್ಟು 5.3 ಮೈಕ್ರೋಮೋಲ್. ಅದರ ಒಂದೂವರೆ ಪಟ್ಟು ಪ್ರತಿಕಾರಕ ಎಂದರೆ ಸುಮಾರು 2.2 ಮಿಲಿಗ್ರಾಂ. ಅಸಿಟೋನ್‌ನಲ್ಲಿ ಶೇಕಡಾ 1ರ ದ್ರಾವಣ ಮಾಡಿಕೊಂಡರೆ 220 ಮೈಕ್ರೋಲೀಟರ್. ಪ್ರತಿಕಾರಕ ಕಡಿಮೆ ಹಾಕುವುದು ದೊಡ್ಡ ತಪ್ಪು. ಎಲ್ ಮತ್ತು ಡಿ ಅಮೈನೋ ಆಮ್ಲಗಳು ಅದರೊಂದಿಗೆ ಒಂದೇ ವೇಗದಲ್ಲಿ ಪ್ರತಿಕ್ರಿಯಿಸಬೇಕೆಂದಿಲ್ಲ. ಕೊರತೆ ಬಿದ್ದರೆ ಚುರುಕಾದ ಕೈ ಹೆಚ್ಚು ಪಾಲು ಪಡೆದು ಅನುಪಾತವೇ ಸುಳ್ಳಾಗುತ್ತದೆ.

ಒಣಗಿದ ಮಾದರಿಯನ್ನು 100 ಮೈಕ್ರೋಲೀಟರ್ ನೀರಿನಲ್ಲಿ ಕರಗಿಸಿ. ಎಲ್-ಎಫ್‌ಡಿಎಎ ದ್ರಾವಣ 220 ಮೈಕ್ರೋಲೀಟರ್, 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ 40 ಮೈಕ್ರೋಲೀಟರ್ ಸೇರಿಸಿ, 40 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಆಗಾಗ ಅಲುಗಾಡಿಸಿ. ಬಣ್ಣ ಹಳದಿಯಿಂದ ಕಿತ್ತಳೆಯತ್ತ ತಿರುಗುತ್ತದೆ. ತಣಿದ ಮೇಲೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 20 ಮೈಕ್ರೋಲೀಟರ್ ಹಾಕಿ ಪ್ರತಿಕ್ರಿಯೆ ನಿಲ್ಲಿಸಿ. ಇಂಗಾಲದ ಡೈಆಕ್ಸೈಡ್ ಗುಳ್ಳೆಯೆದ್ದು ಬರುವುದರಿಂದ ಮುಚ್ಚಳ ಸಡಿಲ ಬಿಟ್ಟಿರಬೇಕು. ನೀರು ಮತ್ತು ಅಸಿಟೋನೈಟ್ರೈಲ್ ಸಮಪಾಲಿನ ಮಿಶ್ರಣದಿಂದ ಒಂದು ಮಿಲಿಲೀಟರ್‌ಗೆ ತುಂಬಿಸಿ, ಸೋಸಿ, ಕಂದು ಬಣ್ಣದ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಈ ವಸ್ತುಗಳು ಬೆಳಕಿಗೆ ಕೆಡುತ್ತವೆ. ಎಫ್‌ಡಿಎಎ ಚರ್ಮದ ಪ್ರೋಟೀನ್‌ಗಳ ಅಮೈನೋ ಗುಂಪಿಗೂ ಅಂಟಬಲ್ಲದು. ಕೈಗವಸು ಕಡ್ಡಾಯ.

ಮೂರನೆಯ ಹಂತ: ಹೋಲಿಕೆಗೆ ಜೊತೆಗಾರರು

ಇಡೀ ಕೆಲಸದ ಜೀವ ಇಲ್ಲಿದೆ. ಎಲ್-ವ್ಯಾಲೀನ್, ಎಲ್-ಆರ್ನಿಥೀನ್, ಎಲ್-ಲ್ಯೂಸೀನ್, ಎಲ್-ಫಿನೈಲ್‌ಅಲನೈನ್, ಎಲ್-ಪ್ರೋಲೀನ್ ಐದನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಎಲ್-ಎಫ್‌ಡಿಎಎ ಜೊತೆ ಮೇಲೆ ಹೇಳಿದಂತೆಯೇ ಪ್ರತಿಕ್ರಿಯಿಸಿ. ಪ್ರತಿಕಾರಕ ಮಾತ್ರ ಇರುವ, ಅಮೈನೋ ಆಮ್ಲವಿಲ್ಲದ ಒಂದು ಬಾಟಲಿಯೂ ಇರಲಿ. ಪ್ರತಿಕಾರಕದ ಅವಶೇಷಗಳೂ 340ರಲ್ಲಿ ಕಾಣಿಸಿಕೊಳ್ಳುತ್ತವೆ. ಅವು ಎಲ್ಲಿ ಬರುತ್ತವೆಂದು ತಿಳಿದಿರದವರು ಅವನ್ನೇ ಡಿ ಎಂದು ಬರೆದುಬಿಡುತ್ತಾರೆ.

ಇನ್ನು ಡಿ ಸ್ಟ್ಯಾಂಡರ್ಡ್‌ಗಳು, ಅಂದರೆ ಹೋಲಿಕೆಗೆ ಇಡುವ, ಕೈ ಗೊತ್ತಿರುವ ಮಾದರಿಗಳು. ಡಿ-ಫಿನೈಲ್‌ಅಲನೈನ್ ಸುಲಭವಾಗಿ ಸಿಗುತ್ತದೆ. ಅಪರೂಪದ ಅಮೈನೋ ಆಮ್ಲದ ಡಿ ರೂಪ ಸಿಗದೆ ಹೋದರೆ? ಅದಕ್ಕೆ ಒಂದು ಉಪಾಯವಿದೆ, ಮೊದಲ ಸಲ ಅರ್ಥವಾದ ದಿನ ನಾನು ಸಂಜೆಯವರೆಗೂ ಅದನ್ನೇ ಕಾಗದದ ಮೇಲೆ ಬಿಡಿಸುತ್ತ ಕುಳಿತಿದ್ದೆ. ಡಿ ಅಮೈನೋ ಆಮ್ಲಕ್ಕೆ ಎಲ್ ಪ್ರತಿಕಾರಕ ಅಂಟಿದ ಜೋಡಿಯನ್ನು ಕನ್ನಡಿಯ ಮುಂದೆ ಹಿಡಿದೆವೆನ್ನಿ. ಕನ್ನಡಿಯೊಳಗೆ ಡಿ ಇದ್ದದ್ದು ಎಲ್ ಆಗುತ್ತದೆ, ಎಲ್ ಇದ್ದದ್ದು ಡಿ ಆಗುತ್ತದೆ. ಅಂದರೆ ಎಲ್ ಅಮೈನೋ ಆಮ್ಲಕ್ಕೆ ಡಿ ಪ್ರತಿಕಾರಕ ಅಂಟಿದ ಜೋಡಿ ಅದರ ಕನ್ನಡಿ ಬಿಂಬ. ಸಿ-18 ಕಾಲಮ್‌ಗೆ ಕೈ ಇಲ್ಲವಾದ್ದರಿಂದ ಕನ್ನಡಿ ಬಿಂಬಗಳೆರಡೂ ಅದರಿಂದ ಒಂದೇ ಹೊತ್ತಿಗೆ ಹೊರಬರಬೇಕು. ಹಾಗಾಗಿ ಕೈಯಲ್ಲಿರುವ ಎಲ್ ಅಮೈನೋ ಆಮ್ಲಕ್ಕೆ ಡಿ-ಎಫ್‌ಡಿಎಎ ಅಂಟಿಸಿ ಓಡಿಸಿದರೆ, ಕೈಯಲ್ಲಿಲ್ಲದ ಡಿ ಅಮೈನೋ ಆಮ್ಲ ಎಲ್ಲಿ ಬರುತ್ತಿತ್ತು ಎಂಬುದು ತಿಳಿಯುತ್ತದೆ! ಬೇರ್ಪಡಿಸಲಾಗದ ಕಾಲಮ್‌ನ ದೌರ್ಬಲ್ಯವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜಪಾನಿನ ಕೆನ್-ಇಚಿ ಹರಡ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಲನೈನ್ ಅಮೈಡ್ ಬದಲು ಲ್ಯೂಸೀನ್ ಅಮೈಡ್ ಇರುವ ಪ್ರತಿಕಾರಕ ಬಳಸಿ, ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಜೊತೆಗೂಡಿಸಿ, ಇದೇ ತರ್ಕವನ್ನು ಪರಿಷ್ಕೃತ ಮಾರ್ಫಿ ವಿಧಾನವಾಗಿ ಬೆಳೆಸಿದರು.

ಪ್ರತಿಕಾರಕವೇ ಶುದ್ಧವಲ್ಲದಿದ್ದರೆ? ಎಲ್-ಎಫ್‌ಡಿಎಎಯಲ್ಲಿ ಶೇಕಡಾ ಅರ್ಧದಷ್ಟು ಡಿ ಬೆರೆತಿದ್ದರೂ, ಅಪ್ಪಟ ಎಲ್ ಮಾದರಿಯಲ್ಲೂ ಡಿ ಜಾಗದಲ್ಲಿ ಅಷ್ಟೇ ದೊಡ್ಡ ಪೀಕ್ ಏಳುತ್ತದೆ. ಶುದ್ಧ ಎಲ್ ಸ್ಟ್ಯಾಂಡರ್ಡ್‌ನ ಓಟದಲ್ಲಿ ಡಿ ಜಾಗವನ್ನು ಹಿಗ್ಗಿಸಿ ನೋಡಿ, ಅಲ್ಲಿ ಕಂಡ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಈ ಪ್ರಯೋಗದಿಂದ ಹೇಳಲಾಗದು.

ನಾಲ್ಕನೆಯ ಹಂತ: ಕಾಲಮ್ ಓಟ

250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ, 5 ಮೈಕ್ರೋಮೀಟರ್ ಕಣಗಳ ಸಿ-18 ಕಾಲಮ್. ಒಂದು ದ್ರಾವಕ ಶೇಕಡಾ 0.1 ಟ್ರೈಫ್ಲೂರೋಅಸಿಟಿಕ್ ಆಮ್ಲ ಬೆರೆತ ನೀರು, ಇನ್ನೊಂದು ಅಸಿಟೋನೈಟ್ರೈಲ್. ನಿಮಿಷಕ್ಕೆ 1 ಮಿಲಿಲೀಟರ್ ಹರಿವು. ಅಸಿಟೋನೈಟ್ರೈಲನ್ನು ಶೇಕಡಾ 15ರಿಂದ 50ಕ್ಕೆ 50 ನಿಮಿಷಗಳಲ್ಲಿ ಏರಿಸಿ, ಆಮೇಲೆ 90ಕ್ಕೆ ಒಯ್ದು ತೊಳೆದು, ಮತ್ತೆ 15ಕ್ಕೆ ತಂದು ಹದಿನೈದು ನಿಮಿಷ ಬಿಡಿ. ಕಾಲಮ್ ಓವನ್ ಇದ್ದರೆ 35 ಡಿಗ್ರಿಗೆ ಇಡಿ. ಕೊಠಡಿಯ ಉಷ್ಣತೆ ಬೆಳಗಿನಿಂದ ಮಧ್ಯಾಹ್ನಕ್ಕೆ ಏರಿದರೆ ಪೀಕ್‌ಗಳು ಜಾಗ ಬದಲಿಸುತ್ತವೆ, ಬೆಳಗಿನ ಸ್ಟ್ಯಾಂಡರ್ಡನ್ನು ಮಧ್ಯಾಹ್ನದ ಮಾದರಿಗೆ ಹೋಲಿಸುವಂತಿಲ್ಲ. ಪ್ರತಿ ಸಲ 5 ಮೈಕ್ರೋಲೀಟರ್ ಸಾಕು, ನೋಡುವುದು 340 ನ್ಯಾನೋಮೀಟರ್‌ನಲ್ಲಿ.

ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರ ಸಿಕ್ಕರೆ ಟ್ರೈಫ್ಲೂರೋಅಸಿಟಿಕ್ ಬದಲು ಫಾರ್ಮಿಕ್ ಆಮ್ಲ ಬಳಸಿ. ಪ್ರತಿಕಾರಕ ಒಮ್ಮೆ ಅಂಟಿದರೆ ಅಮೈನೋ ಆಮ್ಲದ ತೂಕಕ್ಕೆ 252 ಕೂಡುತ್ತದೆ. ಪ್ರೋಟಾನ್ ಸೇರಿದ ಅಯಾನುಗಳು ಪ್ರೋಲೀನ್‌ಗೆ 368, ವ್ಯಾಲೀನ್‌ಗೆ 370, ಲ್ಯೂಸೀನ್‌ಗೆ 384, ಫಿನೈಲ್‌ಅಲನೈನ್‌ಗೆ 418ರಲ್ಲಿ ಕಾಣಬೇಕು. ಎರಡು ಕಡೆ ಅಂಟಿದ ಆರ್ನಿಥೀನ್ 637ರಲ್ಲಿ ಬರುತ್ತದೆ. 385ರಲ್ಲಿ ಪೀಕ್ ಕಂಡರೆ ಅದು ಒಂದೇ ಕಡೆ ಅಂಟಿಕೊಂಡ ಆರ್ನಿಥೀನ್, ಅಂದರೆ ಪ್ರತಿಕಾರಕವೋ ಸಮಯವೋ ಸಾಲಲಿಲ್ಲ ಎಂದು ತಿಳಿಯಬೇಕು.

ಐದನೆಯ ಹಂತ: ಓದುವುದು

ಎಲ್-ಎಫ್‌ಡಿಎಎ ಬಳಸಿದಾಗ ಬಹುಪಾಲು ಅಮೈನೋ ಆಮ್ಲಗಳಲ್ಲಿ ಎಲ್ ಮೊದಲು, ಡಿ ಆಮೇಲೆ. ಇದು ಬಹುಪಾಲಿನ ಮಾತು, ಎಲ್ಲದರ ಮಾತಲ್ಲ. ಈ ಕ್ರಮ ಮೀರುವವೂ ಇವೆ. ಪುಸ್ತಕದ ಕ್ರಮವನ್ನು ನಂಬಿ ಸ್ಟ್ಯಾಂಡರ್ಡ್ ಓಡಿಸುವುದನ್ನು ಬಿಡಬೇಡಿ.

ಗ್ರಾಮಿಸಿಡಿನ್ ಎಸ್ ಮಾದರಿಯಲ್ಲಿ ಪ್ರತಿಕಾರಕದ ಪೀಕ್‌ಗಳನ್ನು ಕಳೆದರೆ ಐದು ಮುಖ್ಯ ಪೀಕ್‌ಗಳು ಉಳಿಯಬೇಕು. ಎರಡು ಉಂಗುರಗಳನ್ನು ಹೊತ್ತ ಆರ್ನಿಥೀನ್‌ನದು ಉಳಿದವುಗಳ ಸರಿಸುಮಾರು ಎರಡು ಪಟ್ಟು ದೊಡ್ಡದಿರುತ್ತದೆ. ವ್ಯಾಲೀನ್, ಲ್ಯೂಸೀನ್, ಪ್ರೋಲೀನ್, ಆರ್ನಿಥೀನ್ ತಮ್ಮ ಎಲ್ ಸ್ಟ್ಯಾಂಡರ್ಡ್‌ಗಳ ಜಾಗದಲ್ಲೇ ನಿಲ್ಲುತ್ತವೆ. ಫಿನೈಲ್‌ಅಲನೈನ್ ಮಾತ್ರ ಎಲ್ ಜಾಗವನ್ನು ಖಾಲಿ ಬಿಟ್ಟು, ಎಲ್-ಫಿನೈಲ್‌ಅಲನೈನ್‌ಗೆ ಡಿ-ಎಫ್‌ಡಿಎಎ ಅಂಟಿಸಿದ್ದು ಎಲ್ಲಿ ಬಂದಿತ್ತೋ ಅಲ್ಲಿಗೆ ಬಂದು ನಿಂತಿರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಎರಡು ಓಟಗಳಲ್ಲಿ ಸಮಯ ಒಂದೇ ಬಂದಿದೆ ಎಂದರೆ ವಸ್ತು ಒಂದೇ ಎಂದಲ್ಲ. ಮಾದರಿಗೆ ಸ್ಟ್ಯಾಂಡರ್ಡನ್ನು ಬೆರೆಸಿ ಮೂರನೆಯ ಓಟ ಓಡಿಸಿ. ಪೀಕ್ ಅಗಲವಾಗದೆ, ಹೆಗಲು ಮೂಡದೆ, ಇದ್ದಲ್ಲೇ ಎತ್ತರ ಬೆಳೆದರೆ ಗುರುತು ಖಚಿತ. ಪಕ್ಕದಲ್ಲಿ ಇನ್ನೊಂದು ತಲೆ ಎದ್ದರೆ ಅಲ್ಲ. ಇದೊಂದು ಓಟಕ್ಕೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಆ ಒಂದು ಗಂಟೆ ಉಳಿಸಲು ಹೋಗಿ ತಪ್ಪು ಕೈ ಬರೆದ ಪ್ರಬಂಧವನ್ನು ನಾನು ಪರೀಕ್ಷಕಿಯಾಗಿ ವಾಪಸು ಕಳಿಸಬೇಕಾಗಿ ಬಂದಿದೆ. ಆ ವಿದ್ಯಾರ್ಥಿಯ ಆರು ತಿಂಗಳ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು.

ಪ್ರಮಾಣ ಬೇಕಾದರೆ ದೊಡ್ಡ ಪೀಕ್‌ನ ವಿಸ್ತೀರ್ಣದಿಂದ ಚಿಕ್ಕದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ. ಡಿ 98.5, ಎಲ್ 1.5 ಇದ್ದರೆ ಡಿ ಕೈಯ ಹೆಚ್ಚಳ ಶೇಕಡಾ 97. ಎರಡು ಪೀಕ್‌ಗಳ ನಡುವೆ ಗೆರೆ ಪೂರ್ತಿ ನೆಲಕ್ಕೆ ಇಳಿದಿದ್ದರೆ, ಅಂದರೆ ಬೇರ್ಪಡಿಕೆಯ ಅಂಕಿ (ಪೀಕ್‌ಗಳ ನಡುವಣ ದೂರವನ್ನು ಅವುಗಳ ಸರಾಸರಿ ಅಗಲದಿಂದ ಭಾಗಿಸಿದ್ದು) 1.5 ಅಥವಾ ಹೆಚ್ಚಿದ್ದರೆ ಮಾತ್ರ ಈ ಲೆಕ್ಕಕ್ಕೆ ಬೆಲೆ.

ಆ ಶೇಕಡಾ ಒಂದೂವರೆ ಎಲ್ಲಿಂದ ಬಂತು

ಚಿಕ್ಕ ಎಲ್ ಪೀಕ್ ಪೆಪ್ಟೈಡ್‌ನಲ್ಲೇ ಇತ್ತೋ, 110 ಡಿಗ್ರಿಯ ಆಮ್ಲದಲ್ಲಿ ಹುಟ್ಟಿತೋ? ಬಿಸಿ ಆಮ್ಲದಲ್ಲಿ ಅಮೈನೋ ಆಮ್ಲಗಳು ಅಲ್ಪಸ್ವಲ್ಪ ಕೈ ಬದಲಿಸುತ್ತವೆ. ಶುದ್ಧ ಡಿ-ಫಿನೈಲ್‌ಅಲನೈನನ್ನೂ ಅದೇ ಆಮ್ಲದಲ್ಲಿ ಅಷ್ಟೇ ಗಂಟೆ ಕಾಯಿಸಿ ನೋಡುವುದು ಸರಳ ಪರೀಕ್ಷೆ. ಆದರೆ ಸರಪಳಿಯಲ್ಲಿ ಸೇರಿರುವಾಗ ಅಮೈನೋ ಆಮ್ಲ ಬಿಡಿಯಾಗಿದ್ದಾಗಿನಂತೆಯೇ ವರ್ತಿಸುವುದಿಲ್ಲ, ಆದ್ದರಿಂದ ಈ ಪರೀಕ್ಷೆ ಅರ್ಧ ಉತ್ತರ ಮಾತ್ರ ಕೊಡುತ್ತದೆ.

ಪೂರ್ಣ ಉತ್ತರ ಕೊಡುವುದು ಭಾರಜಲದ ಉಪಾಯ. ಜಲವಿಭಜನೆಯನ್ನು, ಅಂದರೆ ಮೊದಲ ಹಂತದಲ್ಲಿ ಪೆಪ್ಟೈಡನ್ನು ಬಿಡಿ ಮಾಡುವ ಕೆಲಸವನ್ನು, ಡ್ಯೂಟೀರಿಯಂ (ಭಾರವಾದ ಜಲಜನಕ) ಕ್ಲೋರೈಡ್ ಮತ್ತು ಭಾರಜಲದಲ್ಲಿ ಮಾಡಿ. ಕೈ ಬದಲಿಸುವಾಗ ಅಣು ತನ್ನ ನಡು ಇಂಗಾಲದ ಜಲಜನಕವನ್ನು ಬಿಟ್ಟುಕೊಟ್ಟು ಹೊಸದನ್ನು ಪಡೆಯುತ್ತದೆ. ಹೊಸದು ಡ್ಯೂಟೀರಿಯಂ ಆಗಿರುವುದರಿಂದ ಅಂಥ ಅಣುಗಳ ತೂಕ ಒಂದು ಹೆಚ್ಚುತ್ತದೆ. ಎಲ್ ಜಾಗದ ಚಿಕ್ಕ ಪೀಕ್‌ನಲ್ಲಿ 419 ತೂಕದ್ದು ಕಂಡರೆ ಅದು ಕೊಳವೆಯಲ್ಲಿ ಹುಟ್ಟಿದ್ದು, 418 ಕಂಡರೆ ಪೆಪ್ಟೈಡ್‌ನಲ್ಲೇ ಇದ್ದದ್ದು. ಇಂಗಾಲ-13ರಿಂದ ಸಹಜವಾಗಿ ಬರುವ 419ರ ಪಾಲನ್ನು ಕಳೆಯಲು ಮರೆಯಬೇಡಿ.

ಜಲವಿಭಜನೆ ಸ್ಥಾನದ ಮಾಹಿತಿಯನ್ನು ಅಳಿಸಿಹಾಕುತ್ತದೆ ಎಂಬುದನ್ನೂ ಗಮನದಲ್ಲಿಡಿ. ಗ್ರಾಮಿಸಿಡಿನ್ ಎಸ್‌ನಲ್ಲಿ ಇರುವ ಎರಡೂ ಫಿನೈಲ್‌ಅಲನೈನ್ ಡಿ ಆದ್ದರಿಂದ ಸಮಸ್ಯೆ ಏಳುವುದಿಲ್ಲ. ಒಂದು ಪೆಪ್ಟೈಡ್‌ನಲ್ಲಿ ಎಲ್-ಲ್ಯೂಸೀನ್ ಒಂದು, ಡಿ-ಲ್ಯೂಸೀನ್ ಒಂದು ಇದ್ದರೆ ಯಾವುದು ಎಲ್ಲಿದೆ ಎಂದು ಈ ವಿಧಾನ ಹೇಳದು. ಆಗ ಮೊದಲು ಪೆಪ್ಟೈಡನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಇದನ್ನೇ ಮಾಡಬೇಕು.

ಕೈರಲ್ ಕಾಲಮ್ ಬೇಕಾದಾಗ

ಅಂಟಿಸಲು ಅಮೈನೋ ಗುಂಪೇ ಇಲ್ಲದ ಅಣುಗಳಿಗೆ, ಅಥವಾ ದಿನಕ್ಕೆ ನೂರಾರು ಮಾದರಿ ನೋಡುವ ಔಷಧ ಕಾರ್ಖಾನೆಗಳಿಗೆ ನೇರ ದಾರಿಯೇ ಸರಿ. ಯೋಶಿಯೊ ಒಕಮೊಟೊ ರೂಪಿಸಿದ, ಸೆಲ್ಯುಲೋಸ್ ಮತ್ತು ಅಮೈಲೋಸ್‌ಗಳಿಂದ ಮಾಡಿದ ಕಾಲಮ್‌ಗಳಿಂದ ಶುರು ಮಾಡಿ. ಅಮೈನೋ ಆಮ್ಲಗಳನ್ನು ಏನೂ ಅಂಟಿಸದೆ ನೋಡಬೇಕಾದರೆ ಟೈಕೊಪ್ಲಾನಿನ್ ಕಾಲಮ್ ಅಥವಾ ಕ್ರೌನ್ ಈಥರ್ ಕಾಲಮ್ ಒಳ್ಳೆಯದು. ಕ್ರೌನ್ ಈಥರ್ ಕಾಲಮ್ ಎರಡೂ ಕೈಗಳಲ್ಲಿ ಮಾರಾಟಕ್ಕಿದೆ. ಒಂದರಲ್ಲಿ ಮೊದಲು ಬಂದದ್ದು ಇನ್ನೊಂದರಲ್ಲಿ ಕೊನೆಗೆ ಬಂದರೆ ಆ ಎರಡು ಪೀಕ್ ನಿಜವಾಗಿಯೂ ಕನ್ನಡಿ ಜೋಡಿಯೇ, ಕಲ್ಮಶವಲ್ಲ ಎಂಬುದು ಖಾತ್ರಿಯಾಗುತ್ತದೆ. ಕಾರ್ವೋನ್‌ನಂಥ ಆವಿಯಾಗುವ ಅಣುಗಳಿಗೆ ಸೈಕ್ಲೋಡೆಕ್ಸ್‌ಟ್ರಿನ್ ಲೇಪಿಸಿದ ಗ್ಯಾಸ್ ಕ್ರೊಮ್ಯಾಟೊಗ್ರಫಿ ಕಾಲಮ್ ಇದೆ.

ಇಲ್ಲಿ ಮೊದಲು ಓಡಿಸಬೇಕಾದ್ದು ಮಾದರಿಯನ್ನಲ್ಲ, ಎರಡೂ ಕೈ ಸಮನಾಗಿ ಬೆರೆತ ರೇಸಿಮಿಕ್ ಮಿಶ್ರಣವನ್ನು. ಅದು ಎರಡು ಪೀಕ್ ಆಗಿ ಒಡೆಯುವ ತನಕ ಮಾದರಿ ಕೊಡುವ ಒಂಟಿ ಪೀಕ್‌ಗೆ ಅರ್ಥವಿಲ್ಲ. ಒಂಟಿ ಪೀಕ್ ಬಂತೆಂದು ಶುದ್ಧ ಎಂದು ಬರೆಯುವವರು ಇಂದಿಗೂ ಇದ್ದಾರೆ. ಆ ಕಾಲಮ್ ಎರಡು ಕೈಗಳನ್ನು ಗುರುತಿಸುವುದೇ ಇಲ್ಲವಾಗಿದ್ದರೂ ಒಂಟಿ ಪೀಕ್‌ನೇ ಬರುತ್ತಿತ್ತಲ್ಲವೇ? ಪ್ರತ್ಯಾಮ್ಲ ಸ್ವಭಾವದ ಅಣುಗಳಿಗೆ ದ್ರಾವಕದಲ್ಲಿ ಶೇಕಡಾ 0.1 ಡೈಈಥೈಲ್‌ಅಮೀನ್, ಆಮ್ಲಗಳಿಗೆ ಅಷ್ಟೇ ಟ್ರೈಫ್ಲೂರೋಅಸಿಟಿಕ್ ಆಮ್ಲ ಬೆರೆಸಿ. ಇವುಗಳ ನೆನಪು ಕಾಲಮ್‌ನಲ್ಲಿ ಉಳಿಯುವುದರಿಂದ ಒಂದೇ ಕಾಲಮ್‌ಗೆ ಎರಡನ್ನೂ ಬಳಸದಿರುವುದು ಒಳ್ಳೆಯದು. ಲೇಪಿತ ಸೆಲ್ಯುಲೋಸ್ ಕಾಲಮ್‌ಗೆ ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್, ಈಥೈಲ್ ಅಸಿಟೇಟ್ ತಾಗಿಸಲೇಬಾರದು. ಲೇಪನ ಕರಗಿ ಹರಿದುಹೋಗುತ್ತದೆ.

ಕೈ ಗೊತ್ತಿರುವ ಜೊತೆಗಾರ ಸಿಗದಿದ್ದರೆ

ಹೊಸದಾಗಿ ತಯಾರಿಸಿದ ಅಣು, ಎಲ್ಲಿಯೂ ಸ್ಟ್ಯಾಂಡರ್ಡ್ ಇಲ್ಲ. ಆಗ ಕ್ರೊಮ್ಯಾಟೊಗ್ರಫಿ ಎರಡು ಕೈಗಳನ್ನು ಬೇರ್ಪಡಿಸಿ ಕೊಡುತ್ತದೆ, ಹೆಸರು ಬೇರೆ ಕಡೆಯಿಂದ ಬರಬೇಕು: ಹರಳು ಬೆಳೆದರೆ ಎಕ್ಸ್-ರೇಯಿಂದ, ಬೆಳೆಯದಿದ್ದರೆ ವೃತ್ತೀಯ ದ್ವಿವರ್ಣತೆಯ ರೋಹಿತವನ್ನು (ಎಡಕ್ಕೆ ಸುತ್ತುವ ಬೆಳಕನ್ನೂ ಬಲಕ್ಕೆ ಸುತ್ತುವ ಬೆಳಕನ್ನೂ ಅಣು ಹೀರುವುದರಲ್ಲಿನ ವ್ಯತ್ಯಾಸವನ್ನು) ಗಣಕ ಲೆಕ್ಕದೊಂದಿಗೆ ಹೋಲಿಸಿ. ಡಿ, ಎಲ್ ಎಂಬ ಹೆಸರುಗಳಿಗೇ ಈ ಸ್ಥಿತಿ ಇತ್ತು. ಎಮಿಲ್ ಫಿಷರ್ ಸಕ್ಕರೆಗಳ ರಚನೆ ಬರೆಯುವಾಗ ಎರಡರಲ್ಲಿ ಒಂದು ಕೈಯನ್ನು ಊಹೆಯಿಂದ ಆರಿಸಿಕೊಂಡಿದ್ದರು. ಅದು ಸರಿಯೋ ತಪ್ಪೋ ಎಂದು ತಿಳಿಯಲು 1951ರ ತನಕ ಕಾಯಬೇಕಾಯಿತು. ಆ ವರ್ಷ ನೆದರ್‌ಲೆಂಡ್ಸ್‌ನ ಬೈಫೂಟ್ ಮತ್ತು ಸಂಗಡಿಗರು ಟಾರ್ಟರಿಕ್ ಆಮ್ಲದ ಒಂದು ಲವಣದ ಹರಳಿನ ಮೇಲೆ ಎಕ್ಸ್-ರೇ ಹಾಯಿಸಿ ನಿಜವಾದ ಕೈ ಯಾವುದೆಂದು ನೇರವಾಗಿ ಕಂಡರು. ಫಿಷರ್ ಊಹೆ ಸರಿಯಾಗಿತ್ತು. ಇಂದು ನಾವು ಬಾಟಲಿಯಿಂದ ತೆಗೆಯುವ ಪ್ರತಿ ಎಲ್ ಸ್ಟ್ಯಾಂಡರ್ಡ್‌ನ ಹಿಂದೆಯೂ ಅಂಥ ಹೋಲಿಕೆಗಳ ಸರಪಳಿ ಇದೆ.

ಫಲಿತಾಂಶ ಬರೆಯುವಾಗ

ಕಾಲಮ್, ದ್ರಾವಕಗಳ ಏರಿಕೆ, ಉಷ್ಣತೆ, ಪ್ರತಿಕಾರಕದ ಕೈ ಮತ್ತು ಶುದ್ಧತೆ, ಬೆರೆಸಿ ಓಡಿಸಿದ ಓಟದ ಚಿತ್ರ, ಪ್ರತಿಕಾರಕದ ಖಾಲಿ ಓಟದ ಚಿತ್ರ ಎಲ್ಲವೂ ಪುಸ್ತಕದಲ್ಲಿರಬೇಕು. ತೀರ್ಮಾನದ ಸಾಲಿನಲ್ಲಿ “ಫಿನೈಲ್‌ಅಲನೈನ್ ಡಿ” ಎಂದಷ್ಟೇ ಬರೆಯಬೇಡಿ. “ಎಲ್-ಎಫ್‌ಡಿಎಎ ಅಂಟಿಸಿದ ಮಾದರಿಯ ಫಿನೈಲ್‌ಅಲನೈನ್ ಪೀಕ್, ಎಲ್-ಫಿನೈಲ್‌ಅಲನೈನ್‌ಗೆ ಡಿ-ಎಫ್‌ಡಿಎಎ ಅಂಟಿಸಿದ ಸ್ಟ್ಯಾಂಡರ್ಡ್ ಜೊತೆ ಬೆರೆಸಿದಾಗ ಒಂದೇ ಪೀಕ್ ಆಗಿ ಬೆಳೆಯಿತು, ಎಲ್-ಎಫ್‌ಡಿಎಎ ಅಂಟಿಸಿದ ಸ್ಟ್ಯಾಂಡರ್ಡ್ ಜೊತೆ ಬೆರೆಸಿದಾಗ ಎರಡಾಗಿ ಬೇರೆ ನಿಂತಿತು, ಆದ್ದರಿಂದ ಡಿ” ಎಂದು ಬರೆಯಿರಿ.